ಕೇಳಿದ್ದು ಸಿಗದವರ ಸಾಕ್ಷಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಎರಡು ವಾರದ ಹಿಂದೆ ನಿಮ್ಮ ಓದುಗರ ಪುಟದಲ್ಲಿ ಉಡುಪಿ ಕಡೆಯ ಸಹೋದರಿಯೊಬ್ಬರ ಪತ್ರ ಬಂದಿತ್ತು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದರೆಂದು ಕಾಣುತ್ತದೆ, ನೀವೂ ಹಾಕಿರಲಿಲ್ಲ. ತಾಯಿಯ ಕಾಯಿಲೆ ವಾಸಿಯಾಗಲೆಂದು ನಲವತ್ತು ದಿನ ಉಪವಾಸ ಪ್ರಾರ್ಥನೆ ಮಾಡಿದ್ದು, ತಾಯಿ ಉಳಿಯದೆ ಹೋದದ್ದು, ಮಣ್ಣು ಮಾಡಿದ ಮೂರನೆಯ ದಿನವೇ ಮನೆಗೆ ಬಂದ ಬೋಧಕರೊಬ್ಬರು ‘ನಿಮ್ಮ ವಿಶ್ವಾಸ ಎಲ್ಲೋ ಸಾಲದಾಯಿತು’ ಎಂದದ್ದು, ಇಷ್ಟನ್ನು ಬರೆದು, ಇನ್ನು ಯಾವ ಬಾಯಲ್ಲಿ ಪ್ರಾರ್ಥಿಸಲಿ ಎಂದು ಕೇಳಿದ್ದರು. ಮರುವಾರ ಅದಕ್ಕೆ ಎರಡು ಉತ್ತರಗಳು ಬಂದವು. ಒಬ್ಬರು ‘ದೇವರ ಚಿತ್ತ ನಮಗೆ ತಿಳಿಯದು, ಸಹೋದರಿ ಯೋಬನ ತಾಳ್ಮೆಯನ್ನು ಕಲಿಯಲಿ’ ಎಂದು ಉಪದೇಶಿಸಿದರು. ಇನ್ನೊಬ್ಬರು, ಕೇಳಿಸಿಕೊಳ್ಳುವವನು ಇದ್ದರಲ್ಲವೇ ಕೊಡುವುದು ಎಂದು ನಾಲ್ಕು ಸಾಲಿನಲ್ಲಿ ಮುಗಿಸಿದರು.

ಮೊದಲು ಒಂದು ತಿದ್ದುಪಡಿ. ‘ಯೋಬನ ತಾಳ್ಮೆ’ ಎಂಬುದು ನಿಮ್ಮಲ್ಲಿ ‘ಯೋಗದ ತಾಳ್ಮೆ’ ಎಂದು ಅಚ್ಚಾಗಿದೆ. ನಾನು ಮಂಗಳೂರಿನ ಒಂದು ಮುದ್ರಣಾಲಯದಲ್ಲಿ ಇಪ್ಪತ್ತು ವರ್ಷ ಅಚ್ಚುಮೊಳೆ ಜೋಡಿಸಿ, ಕಂಪ್ಯೂಟರ್ ಬಂದ ಮೇಲೆ ಇನ್ನೂ ಹನ್ನೊಂದು ವರ್ಷ ಪ್ರೂಫ್ ತಿದ್ದಿದವನು. ವಯಸ್ಸು ಎಪ್ಪತ್ತೊಂದಾದರೂ ಕಣ್ಣು ಮೊದಲು ತಪ್ಪಿನ ಮೇಲೆಯೇ ಬೀಳುತ್ತದೆ, ಕ್ಷಮಿಸಿ. ಅಚ್ಚಿನ ತಪ್ಪು ಹಾಗಿರಲಿ, ಆ ಮಹನೀಯರ ಮಾತಿನಲ್ಲೇ ದೊಡ್ಡ ತಪ್ಪಿದೆ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬ ತಾಳಿಕೊಂಡದ್ದು ಎರಡೇ ಅಧ್ಯಾಯ. ಮೂರನೆಯ ಅಧ್ಯಾಯದಲ್ಲಿ ಬಾಯಿ ತೆರೆದು ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಅಲ್ಲಿಂದ ಮೂವತ್ತೊಂದನೆಯ ಅಧ್ಯಾಯ ಮುಗಿಯುವವರೆಗೂ ಅವನದು ದೂರು, ವಾದ, ‘ದೇವರನ್ನು ನ್ಯಾಯಸ್ಥಾನಕ್ಕೆ ಕರೆಯಿರಿ’ ಎಂಬ ಹಟ. ಸಮಾಧಾನ ಹೇಳಲು ಬಂದ ಮೂವರು ಸ್ನೇಹಿತರು ಮೊದಲ ಏಳು ದಿನ, ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ಬಿಟ್ಟ ಮೇಲೆ ಅವರು ಹೇಳಿದ್ದೆಲ್ಲ ‘ನಿನ್ನಲ್ಲೇ ಏನೋ ದೋಷವಿದೆ’ ಎಂಬ ಒಂದೇ ಮಾತು. ಕಡೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಜಗಳವಾಡಿದ ಯೋಬನ ಮೇಲೆ ಅಲ್ಲ, ತನ್ನ ಪರವಾಗಿ ವಕಾಲತ್ತು ವಹಿಸಿದ ಈ ಮೂವರ ಮೇಲೆ. ಮೂರನೆಯ ದಿನಕ್ಕೆ ಸಾವಿನ ಮನೆಗೆ ಹೋಗಿ ಮಾತಾಡುವ ಬೋಧಕರು ಆ ಭಾಗವನ್ನು ಒಮ್ಮೆ ಓದಿಕೊಂಡು ಹೋಗುವುದು ಒಳ್ಳೆಯದು.

ಈಗ ನನ್ನದನ್ನು ಹೇಳುತ್ತೇನೆ. ಆ ಸಹೋದರಿಗೆ ಉತ್ತರ ಕೊಡುವ ಯೋಗ್ಯತೆ ನನಗಿದೆಯೆಂದಲ್ಲ. ಅವರೊಬ್ಬರೇ ಅಲ್ಲವೆಂದು ತಿಳಿದರೆ ಸಾಕು.

ನಮ್ಮ ಅಜ್ಜ ಜೆಪ್ಪುವಿನ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಸ್ವಿಟ್ಜರ್ಲೆಂಡಿನ ಬಾಸೆಲಿನಿಂದ ಬಂದ ಕ್ರೈಸ್ತ ಮಿಶನರಿಗಳು 1865ರಲ್ಲಿ ಶುರುಮಾಡಿದ ಕಾರ್ಖಾನೆ ಅದು. ಮೂರು ತಲೆಮಾರಿನಿಂದ ನಾವು ಕ್ರೈಸ್ತ ಸಭೆಯವರು. ನನ್ನ ಮಗನದು ಮಿಕ್ಸಿ, ಫ್ಯಾನು, ರೇಡಿಯೋ ರಿಪೇರಿ ಮಾಡುವ ಸಣ್ಣ ಅಂಗಡಿ. ನಮ್ಮ ಚರ್ಚಿನ ಮೈಕು ಕುಯ್ಯೆಂದಾಗ ಪ್ರಸಂಗದ ನಡುವೆಯೇ ಎದ್ದು ಹೋಗಿ ಸರಿಮಾಡಿ ಬರುತ್ತಿದ್ದವನು. ಈಗ ಅದು ಕುಯ್ಯೆನ್ನುತ್ತಲೇ ಇರುತ್ತದೆ. 2014ರಲ್ಲಿ, ಇಪ್ಪತ್ತೊಂಬತ್ತನೆಯ ವಯಸ್ಸಿಗೆ, ಅವನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವು. ನನಗೆ ಸಕ್ಕರೆ ಕಾಯಿಲೆ, ಅವನ ತಾಯಿಗೆ ರಕ್ತದೊತ್ತಡ. ಇಬ್ಬರ ಮೂತ್ರಪಿಂಡವೂ ಬೇಡವೆಂದರು. ಅಂಗದಾನ ನೋಡಿಕೊಳ್ಳುವ ರಾಜ್ಯ ಸರ್ಕಾರದ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುವುದೊಂದೇ ಉಳಿದ ದಾರಿ.

ಮಂಗಳವಾರ, ಗುರುವಾರ, ಶನಿವಾರ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್. ಕುಡಿಯುವ ನೀರಿಗೆ ಅಳತೆ. ಅವನ ತಾಯಿ ಸ್ಟೀಲು ಚೊಂಬಿನೊಳಗೆ ಮೊಳೆಯಿಂದ ಗೀರು ಹಾಕಿ ಇಟ್ಟಿದ್ದಳು, ದಿನಕ್ಕೆ ಅಷ್ಟೇ. ಎಳನೀರು ಕುಡಿಯುವಂತಿಲ್ಲ, ಅದರಲ್ಲಿರುವ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಹುದು ಎಂದಿದ್ದರು. ಕರಾವಳಿಯಲ್ಲಿ ರೋಗಿಯನ್ನು ನೋಡಲು ಬರುವವರು ಕೈಯಲ್ಲಿ ಏನು ತರುತ್ತಾರೆ? ಎಳನೀರು ಮತ್ತು ಬಾಳೆಹಣ್ಣು. ಎರಡೂ ವಿಷ. ಬಂದವರ ಮುಖ ಸಣ್ಣದಾಗದಿರಲೆಂದು ಎಲ್ಲವನ್ನೂ ತೆಗೆದುಕೊಂಡು ಅವರು ಹೋದ ಮೇಲೆ ಪಕ್ಕದ ಮನೆಗೆ ಕೊಡುತ್ತಿದ್ದೆವು. ಐದು ವರ್ಷ ಆ ಪಕ್ಕದ ಮನೆಯ ಮಕ್ಕಳು ಪುಷ್ಟಿಯಾಗಿ ಬೆಳೆದರು.

ಎಡಗೈ ಮಣಿಕಟ್ಟಿನ ಹತ್ತಿರ ಒಂದು ಅಪಧಮನಿಯನ್ನೂ ಒಂದು ಅಭಿಧಮನಿಯನ್ನೂ ಸೇರಿಸಿ ಹೊಲಿದಿದ್ದರು. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಆ ಜಾಗದ ಮೇಲೆ ಬೆರಳಿಟ್ಟರೆ ಚರ್ಮದ ಕೆಳಗೆ ಗುಂಯ್ಯೆಂದು ಒಂದು ಕಂಪನ ಸಿಗುತ್ತದೆ. ಅದು ನಿಂತರೆ ರಕ್ತ ಹೆಪ್ಪುಗಟ್ಟಿತೆಂದು ಅರ್ಥ, ಕೂಡಲೇ ಆಸ್ಪತ್ರೆಗೆ ಓಡಬೇಕು. ದಿನವೂ ಮಲಗುವ ಮುಂಚೆ ನೋಡಿ ಎಂದಿದ್ದರು. ಅದು ನನ್ನ ಕೆಲಸವಾಯಿತು. ಅಚ್ಚಿನ ಟ್ರೆಡಲ್ ಯಂತ್ರ ಓಡುವಾಗ ಅದರ ಮೇಜಿನ ಅಂಚಿಗೆ ಬೆರಳು ತಾಗಿಸಿದರೆ ಹೀಗೆಯೇ ಅದಿರುತ್ತಿತ್ತು. ಮನೆಯಲ್ಲಿ ಎಲ್ಲರೂ ಸೇರಿ ಪ್ರಾರ್ಥಿಸಿ ‘ಆಮೆನ್’ ಎಂದ ಮೇಲೆ ನಾನು ಅವನ ಕೈ ಹಿಡಿಯುವೆ, ಅವನು ‘ಪಪ್ಪ, ಪ್ರೆಸ್ಸು ಓಡುತ್ತಿದೆಯಾ?’ ಎಂದು ಕೇಳುವನು, ಓಡುತ್ತಿದೆ ಎನ್ನುವೆ. ನನ್ನ ನಿಜವಾದ ಪ್ರಾರ್ಥನೆ ಅದೇ ಇದ್ದಿರಬೇಕು.

ನಮಗಾಗಿ ಪ್ರಾರ್ಥಿಸಿದವರಿಗೆ ಲೆಕ್ಕವಿಲ್ಲ. ಸ್ತ್ರೀಯರ ಕೂಟ, ಯುವಜನರ ಕೂಟ, ಬಂಟ್ವಾಳದ ನಮ್ಮ ನಂಟರ ಸಭೆ, ದುಬೈಯಲ್ಲಿರುವ ಭಾವನ ಮಗಳ ಗೆಳತಿಯರು. ಹೊರಗಿನಿಂದ ಬಂದ ಬೋಧಕರೊಬ್ಬರು ತಲೆಗೆ ಎಣ್ಣೆ ಹಚ್ಚಿ, ಒಂದು ವಾರ ಡಯಾಲಿಸಿಸ್‌ಗೆ ಹೋಗದೆ ಇದ್ದು ನಿನ್ನ ವಿಶ್ವಾಸವನ್ನು ಕ್ರಿಯೆಯಲ್ಲಿ ತೋರಿಸು ಎಂದರು. ನಾನು ಒಂದು ಕ್ಷಣ ತೂಗಾಡಿದೆ, ಸುಳ್ಳು ಹೇಳುವುದಿಲ್ಲ. ಮಗ ನಕ್ಕುಬಿಟ್ಟ. ‘ಅಯ್ಯನವರೇ, ದೇವರು ಆ ಮೆಷಿನ್ನಿನಲ್ಲಿ ವಾರಕ್ಕೆ ಮೂರು ದಿನ ಕೆಲಸ ಮಾಡುತ್ತಿದ್ದಾನೆ, ನಾನೇ ರಜೆ ಹಾಕಿದರೆ ಹೇಗೆ?’ ಎಂದ. ಇಂಥ ಸಲಹೆ ಕೇಳಿ ಯಾರಾದರೂ ನಿಜವಾಗಿ ಡಯಾಲಿಸಿಸ್ ಬಿಟ್ಟರೆ ವಾರ ಎರಡು ವಾರದಲ್ಲಿ ಪ್ರಾಣ ಹೋಗುತ್ತದೆ. ಇದನ್ನು ನೀವು ದಪ್ಪ ಅಕ್ಷರದಲ್ಲಿ ಹಾಕಿದರೂ ನನ್ನ ಅಡ್ಡಿಯಿಲ್ಲ.

2018ರ ಜುಲೈ, ಬುಧವಾರ. ರಾತ್ರಿ ಹನ್ನೊಂದೂಮುಕ್ಕಾಲಿಗೆ ಫೋನ್ ಬಂತು. ಮೂತ್ರಪಿಂಡ ಒಂದು ಸಿಗುವಂತಿದೆ, ಏನೂ ತಿನ್ನದೆ ಕೂಡಲೇ ಬನ್ನಿ, ರಕ್ತ ಹೊಂದುತ್ತದೆಯೋ ನೋಡಬೇಕು. ಹೊರಗೆ ಆಷಾಢದ ಮಳೆ. ಹೆಂಚಿನ ಕಾರ್ಖಾನೆಯ ಕಾರ್ಮಿಕ ಸಂಘದಲ್ಲಿ ವರ್ಷಗಟ್ಟಲೆ ಇದ್ದು ದೇವರನ್ನು ಕೈಬಿಟ್ಟಿದ್ದ ನನ್ನ ಭಾವನೇ ರಿಕ್ಷಾ ಹಿಡಿದುಕೊಂಡು ಬಂದ. ದಾರಿಯಲ್ಲೇ ಹೆಂಡತಿ ಸಭಾಪಾಲಕರಿಗೆ ಹೇಳಿದಳು. ಒಂದು ಗಂಟೆಯೊಳಗೆ ಸಭೆಯ ವಾಟ್ಸ್ಆ್ಯಪ್ ತುಂಬ ‘ಕರ್ತನಿಗೆ ಸ್ತೋತ್ರ’. ಅವಳು ಪರ್ಸಿನಿಂದ ಐದು ಸಾವಿರ ರೂಪಾಯಿ ತೆಗೆದು ಸ್ತೋತ್ರ ಕಾಣಿಕೆಯ ಲಕೋಟೆಗೆ ಹಾಕಿ ಅಂಟಿಸಿಯೂ ಬಿಟ್ಟಳು.

ಆಸ್ಪತ್ರೆಯಲ್ಲಿ ನಮ್ಮ ಹಾಗೆಯೇ ಕರೆಸಿಕೊಂಡ ಇನ್ನಿಬ್ಬರಿದ್ದರು. ಕೊಡುವವರ ಜೀವಕೋಶವನ್ನೂ ಪಡೆಯುವವರ ರಕ್ತದ ದ್ರವವನ್ನೂ ಸೇರಿಸಿ, ಇದು ಅದನ್ನು ಕೊಲ್ಲುತ್ತದೆಯೋ ಎಂದು ನೋಡುತ್ತಾರಂತೆ. ಅದಕ್ಕೆ ಗಂಟೆಗಟ್ಟಲೆ ಬೇಕು. ಬೆಳಗಿನ ಏಳರ ಸುಮಾರಿಗೆ ವೈದ್ಯರು ಬಂದು ನಮಗೆ ಆಗುವುದಿಲ್ಲ ಎಂದರು. ಹಿಂದೆ ರಕ್ತ ಕೊಡಿಸಿದ್ದರಿಂದ ಮೈಯಲ್ಲಿ ಪ್ರತಿಕಾಯಗಳು ಬೆಳೆದಿರಬಹುದು ಎಂದೂ ವಿವರಿಸಿದರು. ಮೊದಲ ವರ್ಷ ಅವನ ರಕ್ತ ತೀರಾ ಇಳಿದಾಗ ನಮ್ಮ ಯುವಜನರ ಕೂಟದ ಹುಡುಗರು ಸಾಲಾಗಿ ನಿಂತು ರಕ್ತದಾನ ಮಾಡಿದ್ದರು. ಆ ಭಾನುವಾರ ಅದಕ್ಕೂ ನಾವು ಸ್ತೋತ್ರ ಸಲ್ಲಿಸಿದ್ದೆವು. ಆ ಹುಡುಗರಿಗೆ ಈ ವಿಷಯ ನಾನು ಇಂದಿನವರೆಗೂ ಹೇಳಿಲ್ಲ. ಇದನ್ನು ಓದಿ ತಿಳಿದವರಿದ್ದರೆ ಕೇಳಿಕೊಳ್ಳಿ: ನೀವು ಮಾಡಿದ್ದು ಸರಿಯಾಗಿತ್ತು, ಅಂದು ನೀವಿಲ್ಲದಿದ್ದರೆ ಅವನು ಆ ಜುಲೈಯವರೆಗೂ ಬರುತ್ತಿರಲಿಲ್ಲ.

ಮೂತ್ರಪಿಂಡ ಹೊಂದಿದ್ದು ಘಟ್ಟದ ಮೇಲಿನ ಒಬ್ಬ ಹೆಂಗಸಿಗೆ. ಅವರ ಗಂಡ ಬೆಂಚಿನ ಮೇಲೆ ಕುಳಿತಲ್ಲಿಯೇ ‘ಮಂಜುನಾಥಾ’ ಎಂದು ಕೈಮುಗಿದು ಅತ್ತುಬಿಟ್ಟರು. ನಾನು ಎದ್ದು ಅವರ ಕೈ ಹಿಡಿದೆ ಎಂದು ಬರೆಯಲು ಆಸೆಯಿದೆ. ಹಿಡಿಯಲಿಲ್ಲ. ಎದ್ದು ಹೊರಗೆ ಹೋಗಿ ಮಳೆ ನೋಡುತ್ತಾ ನಿಂತೆ. ಅಲ್ಲಿ ವಾರ್ಡಿನ ಕೆಲಸದವರಿಬ್ಬರು ಮಾತಾಡಿಕೊಳ್ಳುತ್ತಿದ್ದರು. ಬೈಕಿನಿಂದ ಬಿದ್ದ ಹುಡುಗನಂತೆ, ಇಪ್ಪತ್ತೆರಡು ವಯಸ್ಸಂತೆ.

ಅಲ್ಲಿಯವರೆಗೂ ನನಗೆ ಹೊಳೆದಿರಲಿಲ್ಲ. ಎರಡು ವರ್ಷದಿಂದ ಪ್ರತಿ ರಾತ್ರಿ ‘ಕರ್ತನೇ, ಆ ಫೋನು ಬರಲಿ’ ಎಂದು ಬೇಡಿಕೊಂಡಿದ್ದೆ. ಬೇಡಿದ್ದಾದರೂ ಏನನ್ನು? ಆ ಫೋನು ಬರಬೇಕಾದರೆ ಎಲ್ಲೋ ಒಂದು ಮನೆಯಲ್ಲಿ ಯಾರದೋ ಮಿದುಳು ನಿಲ್ಲಬೇಕು. ಆ ಹುಡುಗನ ತಾಯಿಯೂ ತುರ್ತು ಘಟಕದ ಹೊರಗೆ ಕುಳಿತು ಯಾವುದೋ ದೇವರನ್ನು ಕರೆದಿರುತ್ತಾಳೆ. ಅವಳ ಪ್ರಾರ್ಥನೆ ಫಲಿಸಿದ್ದರೆ ನಮ್ಮ ಮೂರು ಮನೆಗಳಿಗೂ ಆ ರಾತ್ರಿ ಫೋನು ಬರುತ್ತಿರಲಿಲ್ಲ. ಹೆಂಡತಿ ಲಕೋಟೆ ಅಂಟಿಸುವಾಗ ಆ ತಾಯಿ ಕಾಗದಕ್ಕೆ ಸಹಿ ಹಾಕುತ್ತಿದ್ದಳೋ ಏನೋ. ಕೊಟ್ಟದ್ದು ದೇವರಲ್ಲ, ಅವಳು. ಈ ಗಂಟನ್ನು ಬಿಡಿಸುವಷ್ಟು ವೇದಶಾಸ್ತ್ರ ನನ್ನಲ್ಲಿಲ್ಲ. ‘ದೇವರು ಅವರ ಪ್ರಾರ್ಥನೆ ಕೇಳಿದ, ಇವರದನ್ನು ಕೇಳಲಿಲ್ಲ’ ಎಂದು ಯಾರಾದರೂ ಸಲೀಸಾಗಿ ಹೇಳುವಾಗ ಮಾತ್ರ ನನಗೆ ಆ ಬೆಂಚು ಕಾಣುತ್ತದೆ.

ಆಮೇಲೆ ಮತ್ತೆ ಕರೆ ಬರಲಿಲ್ಲ. ಶನಿವಾರದ ಡಯಾಲಿಸಿಸ್ ಆಗಿ ಮಂಗಳವಾರದವರೆಗಿನ ಅಂತರವೇ ಉದ್ದ, ಆಗ ಎಚ್ಚರವಾಗಿರಿ ಎಂದು ನರ್ಸಮ್ಮ ಹೇಳುತ್ತಿದ್ದರು. 2019ರ ನವೆಂಬರಿನ ಒಂದು ಸೋಮವಾರ ಬೆಳಗಿನ ಜಾವ ಅವನ ತಾಯಿ ಕೂಗಿದಳು. ನಾನು ಹೋಗಿ ಮೊದಲು ಮಾಡಿದ್ದು ಮಣಿಕಟ್ಟಿನ ಮೇಲೆ ಬೆರಳಿಟ್ಟದ್ದು. ಕೈ ಇನ್ನೂ ಬೆಚ್ಚಗಿತ್ತು. ಒಂದು ಸಲ ಸಿಗಲಿಲ್ಲವೆಂದು ಬೆರಳನ್ನು ಸ್ವಲ್ಪ ಮೇಲೆ ಸರಿಸಿ ಇಟ್ಟೆ, ಮತ್ತೆ ಕೆಳಗೆ ಇಟ್ಟೆ.

ನಮಗೂ ‘ವಿಶ್ವಾಸ ಸಾಲದು’ ಎಂದವರಿದ್ದಾರೆ. ನಮ್ಮ ನಾಡಿಗೆ ಈ ವಿಶ್ವಾಸವನ್ನು ತಂದವರ ಕಥೆಯನ್ನು ಅಂಥವರು ಓದಿದಂತಿಲ್ಲ. ಮೊಳೆ ಜೋಡಿಸುವಾಗ ಶಬ್ದದ ಅನುಮಾನ ಬಂದರೆ ನಾವು ತೆರೆಯುತ್ತಿದ್ದದ್ದು ಕಿಟ್ಟೆಲರ ನಿಘಂಟನ್ನು. 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಪುಸ್ತಕ, ಸುಮಾರು ಎಪ್ಪತ್ತು ಸಾವಿರ ಶಬ್ದ. ಬಾಸೆಲ್ ಮಿಶನ್ನಿನ ಆ ಫರ್ಡಿನೆಂಡ್ ಕಿಟ್ಟೆಲ್ 1864ರಲ್ಲಿ ತಮ್ಮ ಮೊದಲ ಹೆಂಡತಿಯನ್ನು ಕಳೆದುಕೊಂಡವರು. ಬಾಸೆಲಿನಿಂದ ಬಂದವರಲ್ಲಿ ಹೆಂಡತಿಯನ್ನೋ ಮಕ್ಕಳನ್ನೋ ಈ ಮಣ್ಣಿಗೆ ಕೊಟ್ಟವರು ಒಬ್ಬಿಬ್ಬರಲ್ಲ. ಅವರು ಪ್ರಾರ್ಥಿಸದೆ ಇದ್ದರೇ? ಅವರ ವಿಶ್ವಾಸ ಸಾಲದಾಯಿತು ಎನ್ನುವ ಎದೆಗಾರಿಕೆ ಯಾರಿಗಿದೆ?

ಹದಿನಾಲ್ಕು ತಿಂಗಳು ನಾನು ಚರ್ಚಿನ ಹಿಂದಿನ ಬೆಂಚಿನಲ್ಲಿ ಕುಳಿತೆ, ಹಾಡಲಿಲ್ಲ. (ಅದರಲ್ಲಿ ಹಲವು ತಿಂಗಳು ಕೊರೊನಾ ಬಂದು ಎಲ್ಲರೂ ಮನೆಯಲ್ಲಿದ್ದರು, ನನ್ನ ಮೌನ ಯಾರಿಗೂ ಗೊತ್ತಾಗಲಿಲ್ಲ.) ಸತ್ಯವೇದವನ್ನು ಪ್ರೂಫ್ ನೋಡುವವನಂತೆ, ತಪ್ಪು ಹುಡುಕುವ ಕಣ್ಣಿನಿಂದಲೇ ಓದಿದೆ. ಎಂಬತ್ತೆಂಟನೆಯ ಕೀರ್ತನೆ ಸಿಕ್ಕಿತು. ಕೀರ್ತನೆಗಳಲ್ಲಿ ಗೋಳಾಟದಿಂದ ಶುರುವಾದವೂ ಸಾಮಾನ್ಯವಾಗಿ ಕಡೆಯಲ್ಲಿ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಸ್ನೇಹಿತರನ್ನೂ ದೂರ ಮಾಡಿದೆಯಲ್ಲ ಎಂದು ದೇವರನ್ನೇ ದೂರಿ, ಕತ್ತಲೆಯ ಮಾತಿನಲ್ಲಿಯೇ ಮುಗಿದುಹೋಗುತ್ತದೆ. ನನ್ನ ನೆನಪಿನಲ್ಲಿ ನಮ್ಮ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದ್ದಿಲ್ಲ. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಏಳು ಮಾತುಗಳ ಧ್ಯಾನ ನಡೆಯುತ್ತದಲ್ಲ, ಅಲ್ಲಿಯೂ ನೋಡಿದ್ದೇನೆ. ನಾಲ್ಕನೆಯ ಮಾತು, ‘ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ’ ಎಂಬುದು ಬಂದ ಕೂಡಲೇ ಪ್ರಸಂಗ ಮಾಡುವವರಿಗೆ ಅವಸರ. ಇದು ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಸಾಲು, ಆ ಕೀರ್ತನೆ ಜಯದಲ್ಲಿ ಮುಗಿಯುತ್ತದೆ, ಆದ್ದರಿಂದ ಗಾಬರಿ ಬೇಡ ಎಂದು ದಾಟಿಸಿಬಿಡುತ್ತಾರೆ. ಯೇಸುಸ್ವಾಮಿ ಅಂದು ಜಯದ ಸಾಲನ್ನು ಹೇಳಲಿಲ್ಲ, ಇದನ್ನೇ ಹೇಳಿದ. ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಈ ಸಂಕಟದ ಪಾತ್ರೆ ನನ್ನಿಂದ ದೂರವಾಗಲಿ ಎಂದು ಮೂರು ಸಲ ಬೇಡಿದ್ದ. ದೂರವಾಗಲಿಲ್ಲ. ಅಂದ ಮೇಲೆ ಕೇಳಿದ್ದು ಸಿಗದವರ ಸಾಲಿನಲ್ಲಿ ಆತನೂ ನಿಂತಿದ್ದಾನೆ, ಆತನ ವಿಶ್ವಾಸವೂ ಸಾಲದಾಯಿತೇ? ನಾನು ಇನ್ನೂ ಚರ್ಚಿಗೆ ಹೋಗುತ್ತಿರುವುದು ಇದೊಂದರ ಮೇಲೆ. ನನ್ನ ಜಗಳವಂತೂ ಮುಗಿದಿಲ್ಲ. ಜಗಳಕ್ಕಾದರೂ ಎದುರಿಗೊಬ್ಬರು ಬೇಕಲ್ಲ ಎಂದು ಭಾವನಿಗೆ ಹೇಳಿದರೆ ಅವನು ತಲೆಯಾಡಿಸಿ ನಗುತ್ತಾನೆ. ದೇವರಿಲ್ಲ ಎಂದು ಬರೆದ ನಿಮ್ಮ ಓದುಗರ ಮೇಲೆ ನನಗೆ ಕೋಪವಿಲ್ಲ. ಐದು ವರ್ಷ ಪ್ರತಿ ಗುರುವಾರ ಮಗನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋದವನು ಅಂಥ ಒಬ್ಬನೇ.

ಇನ್ನು ನಿಮ್ಮ ಪತ್ರಿಕೆಯ ವಿಷಯ. ‘ಉಪಕಾರ ಪಡೆದದ್ದಕ್ಕಾಗಿ ಸಂತ ಅಂತೋಣಿಯವರಿಗೆ ಕೃತಜ್ಞತೆ’ ಎಂಬ ಎರಡು ಸಾಲಿನ ಕಿರು ಜಾಹೀರಾತು, ಕೆಳಗೆ ಹೆಸರಿನ ಮೊದಲಕ್ಷರ, ಇಂಥವನ್ನು ನನ್ನ ಕೈಯಾರೆ ಎಷ್ಟೋ ಜೋಡಿಸಿದ್ದೇನೆ. ನಾವು ಪ್ರೊಟೆಸ್ಟೆಂಟರು ಸಂತರಿಗೆ ಹರಕೆ ಹೊರುವುದಿಲ್ಲವೆಂದು ಹೆಮ್ಮೆ ಪಡುತ್ತೇವೆ, ಆದರೆ ನಮ್ಮ ಸ್ತೋತ್ರ ಕಾಣಿಕೆಯ ಲಕೋಟೆಗಳದೂ ಅದೇ ಜಾತಿ. ಪರೀಕ್ಷೆ ಪಾಸಾದದ್ದಕ್ಕೆ, ವೀಸಾ ಬಂದದ್ದಕ್ಕೆ, ಶಸ್ತ್ರಚಿಕಿತ್ಸೆ ಸುಸೂತ್ರವಾದದ್ದಕ್ಕೆ ಎಂದು ಸಭಾಪಾಲಕರು ಒಂದೊಂದಾಗಿ ಓದುತ್ತಾರೆ. ಸಾಕ್ಷಿ ಹೇಳಲು ಎದ್ದು ನಿಲ್ಲುವವರೂ ಗೆದ್ದವರೇ. ಸೋತವರು ಹಿಂದಿನ ಬೆಂಚಿನಲ್ಲಿ ಕುಳಿತು, ತಮ್ಮೊಬ್ಬರಿಗೆ ಮಾತ್ರ ಹೀಗಾಯಿತೆಂದು ತಿಳಿದಿರುತ್ತಾರೆ.

ಹೆಂಡತಿ ಅಂಟಿಸಿದ್ದ ಆ ಐದು ಸಾವಿರದ ಲಕೋಟೆ ಕಪಾಟಿನಲ್ಲೇ ಇತ್ತು. 2021ರಲ್ಲಿ ಚರ್ಚು ಮತ್ತೆ ತೆರೆದ ಮೇಲೆ ಅದರ ಮೇಲೆ ‘ಕೇಳಿದ್ದು ಸಿಗದವರಿಂದ’ ಎಂದು ಬರೆದು ಕಾಣಿಕೆ ಚೀಲಕ್ಕೆ ಹಾಕಿದೆವು. ಸಭಾಪಾಲಕರು ಲಕೋಟೆ ಕೈಗೆತ್ತಿಕೊಂಡು ಒಮ್ಮೆ ನೋಡಿ ‘ಒಂದು ಕುಟುಂಬದಿಂದ’ ಎಂದು ಓದಿ ಮುಂದೆ ಹೋದರು. ಆರಾಧನೆ ಮುಗಿದ ಮೇಲೆ ನಾನು ಅವರ ಬಳಿಗೆ ಹೋಗಿ, ಅಯ್ಯನವರೇ, ಪ್ರೂಫಿನಲ್ಲಿ ಶಬ್ದ ಬಿಟ್ಟುಹೋಗಿದೆ ಎಂದೆ. ಒಳ್ಳೆಯ ಮನುಷ್ಯ, ಮುಖ ಕೆಂಪಾಯಿತು. ಮರುವರ್ಷದ ಲಕೋಟೆಯನ್ನು ಬರೆದಂತೆಯೇ ಓದಿದರು. ಓದಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಮೈಕು ಕುಯ್ಯೆನ್ನುತ್ತಿತ್ತು. ಆ ದಿನ ಅಂಗಳದಲ್ಲಿ ಮಕ್ಕಳಿಲ್ಲದ ದಂಪತಿ ಒಬ್ಬರು ನಮ್ಮೊಂದಿಗೆ ಬಹಳ ಹೊತ್ತು ನಿಂತರು. ಮಾತಾಡಿದ್ದು ಮಳೆಯ ವಿಷಯವೇ. ಕಳೆದ ಜುಲೈಯಲ್ಲಿ ಅಂಥ ಲಕೋಟೆಗಳು ನಾಲ್ಕಿದ್ದವು, ನಮ್ಮದು ಒಂದು.

ಆ ಸಹೋದರಿಗೆ ಒಪ್ಪಿಗೆಯಿದ್ದರೆ ನನ್ನ ವಿಳಾಸ ನಿಮ್ಮಲ್ಲಿದೆ, ತಿಳಿಸಿ. ಉಡುಪಿಯಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ. ಸಂಜೆ ನಾಲ್ಕರ ಮೇಲೆ ಇಬ್ಬರೂ ಮನೆಯಲ್ಲಿರುತ್ತೇವೆ. ಉಪದೇಶ ಇರುವುದಿಲ್ಲ. ನನ್ನ ಹೆಂಡತಿ ಎಳನೀರು ಕೊಡುತ್ತಾಳೆ. ಈಗ ನಮ್ಮ ಮನೆಯಲ್ಲಿ ಅದಕ್ಕೆ ಅಡ್ಡಿಯಿಲ್ಲ.

‘ಯೋಬ’ ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ದಯವಿಟ್ಟು ತಿದ್ದಿ ಹಾಕಿ. ಬ ಒತ್ತಿಲ್ಲದ ಬ.

ಇತಿ,
ನಿವೃತ್ತ ಅಕ್ಷರ ಜೋಡಣೆಗಾರ
ಜೆಪ್ಪು, ಮಂಗಳೂರು